ತಲೆನೋವಿನ ಆಸ್ಪತ್ರೆಯ ಡಾಕ್ಟರು

ಮೈಗೆ ಬರುವಂತೆ ಮನಸ್ಸಿಗೂ ಕಾಯಿಲೆ ಬರುತ್ತದೆ, ಬಂದದ್ದು ವಾಸಿಯೂ ಆಗುತ್ತದೆ ಎಂಬ ಸರಳ ಮಾತನ್ನು ಬೆಂಗಳೂರಿನ ಪಶ್ಚಿಮದ ಬಡಾವಣೆಗಳಲ್ಲಿ ಜನ ನಂಬುವಂತೆ ಮಾಡಿದವರಲ್ಲಿ ಡಾಕ್ಟರ್ ಗುರುಸಿದ್ದಯ್ಯನವರು ಮೊದಲಿಗರು. ಅವರು ಗ್ರಂಥ ಬರೆದವರಲ್ಲ, ವಿದೇಶದ ಪದವಿ ತಂದವರೂ ಅಲ್ಲ. ರಾಜಾಜಿನಗರದ ಹಂಚಿನ ಕಟ್ಟಡವೊಂದರಲ್ಲಿ, ಐದೇ ವರ್ಷ ಬಾಳಿದ ಸರ್ಕಾರಿ ಹೊರರೋಗಿ ಚಿಕಿತ್ಸಾಲಯವನ್ನು ನಡೆಸಿದವರು. ಐವತ್ತೈದು ತುಂಬಿ ನಿವೃತ್ತರಾಗುತ್ತಿರುವ ಅವರನ್ನು ಅಭಿನಂದಿಸಬೇಕಾದರೆ ಆ ಚಿಕಿತ್ಸಾಲಯ ಮುಚ್ಚಿದ ಕಥೆಯನ್ನು ಹೇಳದೆ ವಿಧಿಯಿಲ್ಲ. ಹೇಳಹೊರಟರೆ ಇಂದಿಗೂ ಮೈ ಉರಿಯುತ್ತದೆ.

೧೯೭೧ರಲ್ಲಿ ಹಾವೇರಿ ಕಡೆಯಿಂದ ವರ್ಗವಾಗಿ ಬಂದ ಡಾಕ್ಟರು, ‘ಮಾನಸಿಕ ರೋಗ ಹಾಗೂ ಕುಡಿತ ಬಿಡಿಸುವ ಚಿಕಿತ್ಸಾಲಯ’ ಎಂದು ದಪ್ಪ ಅಕ್ಷರದಲ್ಲಿ ಬೋರ್ಡು ಬರೆಸಿ, ಅಂಗಿಯ ತೋಳು ಮಡಿಸಿ ಕುಳಿತರು. ಒಂದು ನರಪಿಳ್ಳೆಯೂ ಒಳಗೆ ಬರಲಿಲ್ಲ. ಹಿಂಬದಿಯ ಬೀದಿಯಲ್ಲಿ ಸೊಪ್ಪು ಮಾರುತ್ತಿದ್ದ ಲಿಂಗಮ್ಮನವರು ಕೆಲವು ವಾರ ಇದನ್ನು ನೋಡಿ, ಕೊನೆಗೆ ತಡೆಯಲಾರದೆ ಒಳಗೆ ಬಂದರು.

“ಡಾಕ್ಟ್ರೇ, ಆ ಬೋರ್ಡ್ ಕೆಳ್ಗೆ ಮಳೆ ಬಂದ್ರೂ ಯಾರೂ ನಿಂತ್ಕೊಳಲ್ಲ. ಹುಚ್ಚಾಸ್ಪತ್ರೆ ಮುಂದೆ ಕಾಣಿಸ್ಕೊಂಡ ಹುಡ್ಗೀನ ನಾಳೆ ಯಾರು ಮದ್ವೆ ಆಗ್ತಾರೆ?”

“ಮತ್ತ ಏನಂತ ಬರಸ್ಲಿ ಅಂತೀರಿ?”

“ತಲೆನೋವು ಅಂತ ಬರ್ಸಿ. ತಲೆನೋವು ಯಾರ್ಗಿಲ್ಲ?”

ಬೋರ್ಡು ಬದಲಾಯಿತು. ವಿಜಯನಗರ, ಬಸವೇಶ್ವರನಗರ, ಅತ್ತ ಕೆಂಗೇರಿಯಿಂದಲೂ ಜನ ಬಂದರು. ಮುಂಬಾಗಿಲಲ್ಲಿ ‘ತಲೆನೋವು’ ಎಂದು ಬಂದವರು ಒಳಗೆ ಕುಳಿತು, ಕಿವಿಯಲ್ಲಿ ಕೇಳುವ ದನಿಗಳ ಬಗ್ಗೆ, ಬಾವಿಯ ಕಟ್ಟೆಯ ತನಕ ಹೋಗಿ ಬಂದದ್ದರ ಬಗ್ಗೆ, ಸಾರಾಯಿ ಅಂಗಡಿಯ ಬಗ್ಗೆ ಹೇಳಿಕೊಳ್ಳುತ್ತಿದ್ದರು. ಹೆಸರು ಹಿಡಿದು ಯಾರನ್ನೂ ಕೂಗಬಾರದೆಂದು ಡಾಕ್ಟರ ಅಪ್ಪಣೆಯಾಗಿತ್ತು. ಹಿಂಬಾಗಿಲು ತೆರೆದರೆ ಎದುರಿಗೇ ಲಿಂಗಮ್ಮನವರ ಸೊಪ್ಪಿನ ಗಾಡಿ. ಹೋಗುವವರೆಲ್ಲ ಒಂದು ಕಟ್ಟು ದಂಟೋ ಮೆಂತ್ಯವೋ ಕೈಯಲ್ಲಿ ಹಿಡಿದು ಹೋಗುತ್ತಿದ್ದರು. ದಾರಿಯಲ್ಲಿ ಸಿಕ್ಕ ನೆಂಟರಿಗೆ ಅವರು ಸೊಪ್ಪಿಗೆ ಬಂದವರು. ಇದೂ ಡಾಕ್ಟರದೇ ಯೋಚನೆ.

ಲಿಂಗಮ್ಮನವರ ಗಂಡ ಬೈರಪ್ಪನವರೂ ಆ ‘ತಲೆನೋವಿನವರಲ್ಲಿ’ ಒಬ್ಬರು. ಹೊಲವೆಲ್ಲ ಬಡಾವಣೆಗೆ ಹೋದ ಮೇಲೆ ಕುಡಿತಕ್ಕೆ ಬಿದ್ದವರು. ನುಂಗಿದ ಮೇಲೆ ಸಾರಾಯಿ ಮುಟ್ಟಿದರೆ ಎದೆ ಬಡಿದು ವಾಂತಿಯಾಗುವ ಗುಳಿಗೆಯೊಂದಿದೆ. ಅದನ್ನು ಎಲ್ಲ ವಿವರಿಸಿ, ಒಪ್ಪಿಸಿ, ಪ್ರತಿದಿನ ಬೆಳಗ್ಗೆ ಡಾಕ್ಟರು ತಾವೇ ನೀರು ಬಗ್ಗಿಸಿ ಕೊಡುತ್ತಿದ್ದರು. ಬೈರಪ್ಪನವರು ಕುಡಿತ ಬಿಟ್ಟು ಒಂದು ಯುಗಾದಿಯಿಂದ ಇನ್ನೊಂದು ಯುಗಾದಿ ದಾಟಿತ್ತು.

೧೯೭೬ರಲ್ಲಿ ಮೇಲಿನ ಕಚೇರಿಯಿಂದ ಲಕ್ಷ್ಮೀಪತಿ ಎಂಬ ಅಧಿಕಾರಿಗಳು ತನಿಖೆಗೆ ಬಂದರು. ಈ ಚಿಕಿತ್ಸಾಲಯ ಬೇಕೆ ಬೇಡವೆ ಎಂದು ಅವರು ತೀರ್ಮಾನಿಸಬೇಕಿತ್ತು. “ಇವತ್ತೊಂದ ದಿವಸ ಖರೇ ಹೇಳ್ರಪ್ಪಾ, ಇಲ್ಲಂದ್ರ ಮುಚ್ಚತಾರ” ಎಂದು ಡಾಕ್ಟರು ಮುಂಚೆಯೇ ಎಲ್ಲರಲ್ಲೂ ಕೇಳಿಕೊಂಡಿದ್ದರು. ಎಲ್ಲರೂ ತಲೆಯಾಡಿಸಿದ್ದರು.

ಅಧಿಕಾರಿಗಳು ಬೆಂಚಿನ ಉದ್ದಕ್ಕೂ ಕೇಳುತ್ತ ಬಂದರು. ಮೊದಲನೆಯವರು, “ತಲೆನೋವು ಸಾರ್.” ಎರಡನೆಯವರು, “ನನ್ಗೂ ಅದೇ ಸಾರ್.” ಮೇಷ್ಟರೊಬ್ಬರು ಇದ್ದರು, ಹೆಸರು ಬೇಡ, ಅವರು ಎದ್ದು ನಿಂತು, “ನಾನು ಸೊಪ್ಪು ತಗೊಳ್ಳಕ್ಕೆ ಬಂದೆ” ಎಂದುಬಿಟ್ಟರು. ಬೈರಪ್ಪನವರಂತೂ, “ಕುಡಿತವಾ? ರಾಮ ರಾಮಾ! ನಮ್ಮ ವಂಶದಲ್ಲೇ ಇಲ್ಲ ಸಾಮಿ” ಎಂದು ಕೆನ್ನೆ ಬಡಿದುಕೊಂಡರು. ಕಿಟಕಿಯಾಚೆ ಲಿಂಗಮ್ಮನವರು ಹಣೆ ಬಡಿದುಕೊಂಡದ್ದು ಒಳಗೆ ಕೇಳಿಸಿತು.

“ಏನು ಡಾಕ್ಟ್ರೇ, ನಿಮ್ಮಲ್ಲಿ ಹುಚ್ಚರೂ ಇಲ್ಲ, ಕುಡುಕರೂ ಇಲ್ಲ. ತಲೆನೋವಿಗೆ ಅಂಗಡಿ ಮಾತ್ರೆ ಸಾಲ್ದಾ?” ಎಂದು ಅಧಿಕಾರಿಗಳು ನಕ್ಕರು. ಆಮೇಲೆ ಸ್ವಲ್ಪ ಮೆತ್ತಗಾಗಿ, “ಇವರಲ್ಲಿ ಯಾರ್ಯಾರು ಅಂತ ಕೈ ಮಾಡಿ ತೋರ್ಸಿ ಸಾಕು, ಉಳಿಸ್ತೀನಿ” ಎಂದರು.

ಡಾಕ್ಟರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. “ಅವರಿಗೇ ಹೇಳಾಕ ಮನಸ್ಸಿಲ್ಲ ಅಂದ ಮ್ಯಾಲೆ ನಾ ಹ್ಯಾಂಗ ಹೇಳ್ಲಿ? ತಲಿನೋವು ಅಂತನ ಬರಕೊಳ್ರಿ.”

ಜೀಪು ಹೋದ ಮೇಲೆ ಅವರಿಗೆ ಬಂದ ಸಿಟ್ಟನ್ನು ಕಂಡವರು ಮರೆತಿಲ್ಲ. “ಅಲ್ರೀ ಬೈರಪ್ಪ, ಕುಡೀಬ್ಯಾಡ್ರಿ ಅಂದಾಗ ಕುಡದ್ರಿ. ಕುಡೀತಿದ್ದೆ ಅಂತ ಹೇಳ್ರಿ ಅಂದ್ರ ವಂಶದಾಗ ಇಲ್ಲ ಅಂತೀರಿ!” ಅಷ್ಟು ಬೈದವರು, ಬೈಯುತ್ತಲೇ ಆ ದಿನದ ಗುಳಿಗೆಗೆ ನೀರು ಬಗ್ಗಿಸಿದರು.

ರೋಗಿಗಳಿಲ್ಲದ ಕಾರಣ ಮುಚ್ಚತಕ್ಕದ್ದೆಂದು ಆಜ್ಞೆ ಬಂತು. ಲಿಂಗಮ್ಮನವರು ಗಂಡನ ರಟ್ಟೆ ಹಿಡಿದು ಎರಡು ಬಸ್ಸು ಬದಲಾಯಿಸಿ ಲಕ್ಷ್ಮೀಪತಿಯವರ ಕಚೇರಿಗೇ ಎಳೆದೊಯ್ದರು. “ನೋಡ್ಕಳಿ ಸಾಮಿ, ಇವ್ನೇ ಕುಡುಕ. ಚೆನ್ನಾಗ್ ನೋಡ್ಕಳಿ!” ಬೈರಪ್ಪನವರು ಫ್ಯಾನು ನೋಡುತ್ತ, “ಬರೀ ತಲೆನೋವು ಸಾಮಿ” ಎಂದರು. ಅಲ್ಲಿಗೆ ಮುಗಿಯಿತು.

ರೋಗಿಗಳಿಲ್ಲವೆಂದು ಚಿಕಿತ್ಸಾಲಯ ಮುಚ್ಚಿದ ಮಹನೀಯರು ಡಾಕ್ಟರನ್ನು ಕಳಿಸಿದ್ದು ಎಲ್ಲಿಗೆ? ಸಿಡುಬಿನ ವಿಭಾಗಕ್ಕೆ, ಅದೂ ನಾಡಿನಲ್ಲಿ ಸಿಡುಬೇ ಇಲ್ಲವಾದ ಮೇಲೆ! ಇದಕ್ಕೆ ನಗಬೇಕೋ ಅಳಬೇಕೋ, ಓದುಗರೇ ಹೇಳಲಿ.

ಬೋರ್ಡು ಇಳಿದು ಗುಳಿಗೆ ನಿಂತ ತಿಂಗಳಲ್ಲೇ ಬೈರಪ್ಪನವರು ಕುಡಿದು ಮೋರಿಯ ಪಕ್ಕ ಬಿದ್ದರು. ಕಚೇರಿಗೆ ಹೊರಟಿದ್ದ ಡಾಕ್ಟರು ಅವರನ್ನು ಎತ್ತಿಸಿ, ತಮ್ಮ ಕರವಸ್ತ್ರದಿಂದಲೇ ಬಾಯಿ ಒರೆಸಿ, ಸೊಪ್ಪಿನ ಗಾಡಿಯ ನೆರಳಲ್ಲಿ ಮಲಗಿಸಿದರು. ಅಮಲು ಪೂರ್ತಿ ಇಳಿದು ಕೆಲವು ದಿನವಾದ ಮೇಲೆ ಗುಳಿಗೆ ಮತ್ತೆ ಮೊದಲಿನಿಂದ ಶುರು. ಅಂದಿನಿಂದ ಪ್ರತಿ ಬೆಳಗ್ಗೆ ಡಾಕ್ಟರು ಆ ಗಾಡಿಯ ಪಕ್ಕ ಒಂದು ಖಾಲಿ ಪೆಟ್ಟಿಗೆಯ ಮೇಲೆ ಕೂರುತ್ತಾರೆ. ಹಳಬರು ಸೊಪ್ಪು ಆರಿಸುತ್ತ ಮೆಲ್ಲಗೆ ಮಾತಾಡುತ್ತಾರೆ. ಹೆಚ್ಚಿನ ಚಿಕಿತ್ಸೆ ಬೇಕಾದವರನ್ನು ಊರಿನ ಆ ತುದಿಯ ದೊಡ್ಡಾಸ್ಪತ್ರೆಗೆ ರಜೆಯ ದಿನ ತಾವೇ ಬಸ್ಸು ಹತ್ತಿಸಿ ಕರೆದೊಯ್ಯುತ್ತಾರೆ.

ಈ ಅಭಿನಂದನ ಸಂಪುಟಕ್ಕಾಗಿ ಸನ್ಮಾನ ಸಮಿತಿಯವರು ಗಾಡಿಯ ಬಳಿ ಹೋದಾಗ, ಬೈರಪ್ಪನವರ ಹೆಸರನ್ನು ಬದಲಾಯಿಸಿ ಬರೆಯುವುದಾಗಿ ಹೇಳಿದರು. ಮೆಂತ್ಯದ ಕಟ್ಟಿಗೆ ನೀರು ಚಿಮುಕಿಸುತ್ತಿದ್ದ ಬೈರಪ್ಪನವರು ಕೈ ನಿಲ್ಲಿಸಿದರು.

“ಬ್ಯಾಡಿ. ಬೈರಪ್ಪ ಅಂತ್ಲೇ ಹಾಕಿ. ಕುಡುಕ ಆಗಿದ್ದ, ಡಾಕ್ಟ್ರು ಬಿಡ್ಸಿದ್ರು ಅಂತ ಹಾಕಿ.”

“ಈಗ ಬಂತು ನೋಡಿ ಬಾಯಿ!” ಎಂದರು ಲಿಂಗಮ್ಮನವರು. “ಆಸ್ಪತ್ರೆ ಮುಚ್ಚೋದ್ಮೇಲೆ!” ಎಂದು ಆಚೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆದ್ದರಿಂದ ಅವರಿಬ್ಬರ ಹೆಸರು ಇಲ್ಲಿ ನಿಜವಾಗಿಯೇ ಅಚ್ಚಾಗಿದೆ. ಡಾಕ್ಟರಿಗೆ ದೇವರು ದೀರ್ಘಾಯುಷ್ಯ, ಗಟ್ಟಿ ಮಂಡಿ, ಕೂರಲು ಇನ್ನಷ್ಟು ಭದ್ರವಾದ ಪೆಟ್ಟಿಗೆಯನ್ನು ಕರುಣಿಸಲಿ. ವಿಶ್ರಾಂತಿಯನ್ನು ಹಾರೈಸಲು ಪಶ್ಚಿಮದ ಬಡಾವಣೆಗಳಿಗೆ ಮನಸ್ಸಿಲ್ಲ. ಸನ್ಮಾನ ಸಭೆಗೆ ಬರುವ ಮಹನೀಯರಲ್ಲಿ ಒಂದೇ ಅರಿಕೆ: ಹಿಂದಿನ ಸಾಲುಗಳಲ್ಲಿ ಹಾರದ ಬದಲು ಸೊಪ್ಪಿನ ಕಟ್ಟು ಹಿಡಿದು ಕುಳಿತವರು ಬಹಳ ಜನ ಇರುತ್ತಾರೆ. ಡಾಕ್ಟರಿಗೆ ನೀವು ಏನಾಗಬೇಕೆಂದು ದಯವಿಟ್ಟು ಅವರನ್ನು ಕೇಳಬೇಡಿ.