ಸುಂದರವ್ವ ತಿನ್ನದ ಕ್ರಿಸ್‌ಮಸ್ ಅಡುಗೆ

ಬೈಲಹೊಂಗಲದ ಹಳೆಯ ಅರಳೆ ಮಿಲ್ಲಿನ ಹಿಂದಿನ ಓಣಿ. ಕ್ರಿಸ್‌ಮಸ್ ದಿನದ ನಸುಕು. ಚಳಿಗೆ ಓಣಿಯ ನಾಯಿಗಳು ಕೂಡ ಎದ್ದಿಲ್ಲ. ನಿವೃತ್ತ ನರ್ಸ್ ಫಿಲೋಮಿನಾಬಾಯಿಯವರ ಹಿತ್ತಿಲಿನಲ್ಲಿ ಸುಂದರವ್ವ ಕುಕ್ಕರಗಾಲಲ್ಲಿ ಕುಳಿತು, ದೊಡ್ಡ ಬೋಗುಣಿಯ ಮುಚ್ಚಳದ ಮೇಲೆ ಇಕ್ಕಳದಿಂದ ಕೆಂಡ ಹರಡುತ್ತಿದ್ದಾರೆ. ಕೆಳಗೂ ಕೆಂಡ, ಮೇಲೂ ಕೆಂಡ. ಒಳಗಿರುವುದು ಬೆಳಗಾವಿ ಕ್ಯಾಂಪಿನಿಂದ ತರಿಸಿದ ಹ್ಯಾಮ್; ಅಂದರೆ ಉಪ್ಪಿನಲ್ಲಿ ಹದ ಮಾಡಿದ ಹಂದಿಯ ತೊಡೆ. ಸುಂದರವ್ವನ ಕೊರಳಲ್ಲಿ ನೋಡಿದರೆ ಲಿಂಗ! ಮೊಟ್ಟೆ ಬೇಯಿಸಿದ ಪಾತ್ರೆಯನ್ನೂ ಹೊಸ್ತಿಲು ದಾಟಲು ಬಿಡದ ಮನೆತನ ಅವರದು. ಇದೆಲ್ಲಿಯ ಜೋಡಿಯಪ್ಪಾ ಎಂದು ನೋಡಿದವರ ತಲೆ ಗಿರ್ರೆನ್ನುತ್ತದೆ.

ಗಿರ್ರೆನ್ನುವುದು ನೋಡಿದವರದಷ್ಟೇ ಅಲ್ಲ. "ನನಗೂ ತಿಳಿಯಂಗಿಲ್ರಿ," ಎಂದು ಸುಂದರವ್ವನೇ ಒಪ್ಪಿಕೊಳ್ಳುತ್ತಾರೆ. "ಯಾಕ ಮಾಡಾಕ ಹತ್ತೀ ಅಂತ ಕೇಳಿದ್ರ ಏನ ಹೇಳ್ಲಿ? ವರ್ಷಾ ಹಬ್ಬ ಬರತೈತಿ, ಮಾಡತೇನಿ."

ಉಳಿದ ದಿನಗಳಲ್ಲಿ ಅವರು ಬಸ್ ನಿಲ್ದಾಣದ ಹತ್ತಿರದ ಖಾನಾವಳಿಯೊಂದರಲ್ಲಿ ಜೋಳದ ರೊಟ್ಟಿ ಬಡಿಯುತ್ತಾರೆ. ದಿನಕ್ಕೆ ಇನ್ನೂರಕ್ಕೆ ಕಡಿಮೆಯಿಲ್ಲ. ಸಂತೆಯ ದಿನ ಎಷ್ಟಾಗುತ್ತದೋ ಅವರೂ ಎಣಿಸಿಲ್ಲ. ನೇಸರಗಿ, ದೊಡವಾಡದ ಬಸ್ಸಿಗೆ ಓಡುವವರು ಬಿಸಿ ರೊಟ್ಟಿ, ಎಣ್ಣೆಗಾಯಿ ಉಂಡು ಕೈ ತೊಳೆದು ಹೊರಡುತ್ತಾರೆ. ಬಡಿದವರು ಯಾರು ಎಂದು ಯಾರೂ ಒಳಗೆ ಇಣುಕುವುದಿಲ್ಲ. ಹೊಗೆಗೆ ಸುಂದರವ್ವನ ಕಣ್ಣು ಸೋತಿವೆ. ಚಳಿಗಾಲ ಬಂತೆಂದರೆ ಬಲಗೈಯ ಮಣಿಕಟ್ಟು ಬಾತುಕೊಳ್ಳುತ್ತದೆ, ರಾತ್ರಿ ಬಿಸಿ ಉಪ್ಪಿನ ಗಂಟಿನಿಂದ ಕಾಸಿಕೊಂಡು ಬೆಳಿಗ್ಗೆ ಮತ್ತೆ ಹಿಟ್ಟು ನಾದುತ್ತಾರೆ.

ಈ ನರ್ಸ್ ಮನೆಗೆ ಅವರು ಮೊದಲು ಬಂದದ್ದು ಮುಸುರೆ ತೊಳೆಯಲು. ಫಿಲೋಮಿನಾಬಾಯಿ ಗೋವೆಯ ಕಡೆಯವರು. ಆಸ್ಪತ್ರೆಯ ಕೆಲಸಕ್ಕೆಂದು ಬಂದು ಇಲ್ಲಿಯೇ ಬೇರು ಬಿಟ್ಟರು. ಊರಿಗೆಲ್ಲ ಅವರು ನರ್ಸಬಾಯಿ. ಒಂದು ಕ್ರಿಸ್‌ಮಸ್‌ಗೆ ಅವರು, ಶೇಂಗಾ ಉಂಡಿಗೆ ಪಾಕ ಚೆನ್ನಾಗಿ ತೆಗೆಯುತ್ತೀಯಲ್ಲ, ಹ್ಯಾಮಿಗೆ ಬಳಿಯಲು ಒಂದಿಷ್ಟು ಬೆಲ್ಲದ ಪಾಕ ಮಾಡಿಕೊಡು ಎಂದರು. ಬೆಲ್ಲ ತಾನೇ, ಅದಕ್ಕೇನು ಮೈಲಿಗೆ ಎಂದು ಸುಂದರವ್ವ ಮಾಡಿಕೊಟ್ಟರು. ಮರುವರ್ಷ ಬಾಯಿಯವರ ಬೆರಳು ಸೆಟೆದುಕೊಂಡವು, ಬಳಿಯುವುದೂ ಇವರ ಪಾಲಿಗೆ ಬಂತು. ಆಮೇಲೆ ಕೆಂಡ. ಆಮೇಲೆ ಇಡೀ ಬೋಗುಣಿ. ಮೊದಲ ಸಲ ಸೆರಗಿನಿಂದ ಮೂಗು ಮುಚ್ಚಿಕೊಂಡೇ ಮಾಡಿದ್ದರಂತೆ.

ಗಂಡ ಮಡಿವಾಳೆಪ್ಪ ವಾರಗಟ್ಟಲೆ ಮಾತು ಬಿಟ್ಟಿದ್ದರು. ತಮ್ಮ ಮಗಳು ಅಡ್ಡ ತಿರುಗಿ ಹುಟ್ಟುವಾಗ ತಾಯಿ ಮಗು ಇಬ್ಬರನ್ನೂ ಉಳಿಸಿದ್ದು ಇದೇ ನರ್ಸಬಾಯಿ ಎಂದು ಸುಂದರವ್ವ ನೆನಪಿಸಿದ ಮೇಲೆ, ಸ್ನಾನ ಮಾಡಿ ಒಳಗೆ ಬಾ ಎಂದಷ್ಟೇ ಹೇಳಿದರು. ಮಠದ ಅಜ್ಜನವರನ್ನೂ ಕೇಳಿದ್ದಾಯಿತು. ಅವರು ನಕ್ಕು ವಿಭೂತಿ ಕೊಟ್ಟು ಕಳಿಸಿದರು. ಅದು ಮಾಡು ಅಂತಲೋ ಬೇಡ ಅಂತಲೋ, ಸುಂದರವ್ವನಿಗೆ ಇವತ್ತಿಗೂ ಬಗೆಹರಿದಿಲ್ಲ.

ಕೆಲಸವೇನೋ ಕೈಗೆ ಕುಳಿತಿದೆ. ಹಿಂದಿನ ದಿನವೇ ಕುದಿಸಿ ಉಪ್ಪು ಇಳಿಸುತ್ತಾರೆ. ಮೇಲಿನ ಕೊಬ್ಬನ್ನು ಶಂಕರಪಾಳಿ ಕೊಯ್ದ ಹಾಗೆ ಓರೆಯಾಗಿ ಕೊಯ್ದು, ಒಂದೊಂದು ಚೌಕಕ್ಕೂ ಒಂದು ಲವಂಗ ಚುಚ್ಚುತ್ತಾರೆ. ಬೆಲ್ಲ, ಶುಂಠಿ, ಸಾಸಿವೆಪುಡಿ, ಕಿತ್ತಳೆರಸದ ಪಾಕವನ್ನು ಕೆಂಡ ಸರಿಸಿ ಸರಿಸಿ ಬಳಿಯುತ್ತಾರೆ. ಮೈ ಕೆಂಪಗೆ ಹೊಳೆಯತೊಡಗಿದರೆ ಆಯಿತು. ಕಣ್ಣಿಗೆ, ಮೂಗಿಗೆ, ಕೈಗೆ ಎಲ್ಲ ಗೊತ್ತು. ನಾಲಿಗೆಗೆ ಮಾತ್ರ ಗೊತ್ತಿಲ್ಲ. ಆ ಕೆಲಸ ನರ್ಸಬಾಯಿಯದಾಗಿತ್ತು.

ಬಾಯಿಯವರು ಮೊದಲ ತುಂಡು ಅಗಿದು, ಉಪ್ಪು ಉಳಿದಿದೆ, ಬೆಲ್ಲ ಮುಂದಾಯಿತು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳುವವರು. ಒಂದು ವರ್ಷ ನೆಂಟರೆಲ್ಲ ಬಾಯ್ತುಂಬ ಹೊಗಳುತ್ತಿದ್ದಾಗ, ಈ ಸಲ ಕೆಡಿಸಿದಿ ಸುಂದ್ರಿ, ಎಂದು ಎಲ್ಲರ ಎದುರೇ ಅಂದಿದ್ದರು. ಅವತ್ತು ಅತ್ತುಕೊಂಡೇ ಮನೆಗೆ ಹೋದ ಸುಂದರವ್ವ, ಮರುವರ್ಷ ಅವರ ಬಾಯಿಂದಲೇ ಚೊಲೊ ಆತು ಎಂಬ ಮಾತು ಕೇಳಿದರು. "ಖರೆ ಹೇಳಾವ್ರು ಅವರೊಬ್ಬರ ಇದ್ರು," ಎನ್ನುತ್ತಾರೆ.

ಈಗ ನರ್ಸಬಾಯಿಗೆ ಮರೆವಿನ ಕಾಯಿಲೆ. ಈ ವರ್ಷವಂತೂ ಸುಂದರವ್ವನ ಗುರುತೇ ಸಿಗುತ್ತಿಲ್ಲ. ಬೆಳಿಗ್ಗೆ ಚಹಾ ಕೊಡಲು ಹೋದರೆ, ನೀನು ಯಾವ ವಾರ್ಡಿನಾಕಿ, ಬಾಣಂತಿ ಹೇಗಿದ್ದಾಳೆ ಎಂದು ವಿಚಾರಿಸಿದರು. ಸುಂದರವ್ವ, ಆರಾಮ ಅದಾಳ್ರಿ, ಎಂದು ಚಹಾ ಕೈಗಿಟ್ಟು ಬಂದುಬಿಟ್ಟರು. ಇಂಥವರ ಎದುರು ತಟ್ಟೆ ಇಟ್ಟು ರುಚಿ ಹೇಗಿದೆ ಎಂದು ಕೇಳುವುದಾದರೂ ಹೇಗೆ? ಕೇಳದೆ ಹೋದರೆ, ಸರಿಯಾಗಿದೆಯೋ ಕೆಟ್ಟಿದೆಯೋ ಹೇಳುವವರು ಯಾರು?

ನರ್ಸಬಾಯಿಯ ಸೊಸೆ ರಾಣಿ ಹಿತ್ತಿಲಿಗೆ ಬಂದು ಅಂಚಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಮಸ್ತ್ ಆಗಿದೆ ಎನ್ನುತ್ತಾರೆ. ಪಾಪ, ಒಳ್ಳೆಯ ಹೆಣ್ಣುಮಗಳು. ಕರಕಲಾದ ವರ್ಷವೂ ಮಸ್ತ್ ಅಂದವರೇ.

ರಾಣಿ ಒಳಗೆ ಹೋದ ಮೇಲೆ ಸುಂದರವ್ವ ತಮ್ಮ ಬೆರಳಿಗೆ ಹತ್ತಿದ ಪಾಕವನ್ನು ನೋಡುತ್ತಾರೆ. ಬೋಗುಣಿಯ ತಳದ ಮಾಂಸದ ರಸ ಕೂಡಿದ ಪಾಕ ಅದು. ಒಮ್ಮೆ ನೆಕ್ಕಿದರೆ ಸಾಕು, ಯಾರನ್ನೂ ಕೇಳಬೇಕಿಲ್ಲ. ಬೆರಳು ತುಟಿಯ ಹತ್ತಿರ ಬರುತ್ತದೆ. ಇನ್ನೊಂದು ಕೈ ತಾನಾಗಿಯೇ ಸೆರಗಿನ ಮೇಲಿಂದ ಲಿಂಗವನ್ನು ಹಿಡಿದಿದೆ. ಎದ್ದು ಬೂದಿ ಹಚ್ಚಿ ಕೈ ತೊಳೆಯುತ್ತಾರೆ. "ತಿಂದ್ರೂ ನನಗೇನ ತಿಳೀತಿತ್ತು? ಅದು ಹೆಂಗ ಇರಬೇಕು ಅನ್ನೂದ ಗೊತ್ತಿಲ್ಲ," ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಾರೆ.

ಚರ್ಚಿನಿಂದ ಬಂದ ನೆಂಟರು ಊಟಕ್ಕೆ ಕೂರುತ್ತಾರೆ. ನಡುವೆ ಹೊಳೆಯುವ ಹ್ಯಾಮ್, ತಲೆಕಡೆಯ ಕುರ್ಚಿಯಲ್ಲಿ ನರ್ಸಬಾಯಿ. ರಾಣಿ ತೆಳ್ಳಗೆ ಕೊಯ್ದು ಅತ್ತೆಯ ತಟ್ಟೆಗೆ ಹಾಕುತ್ತಾರೆ. ಸುಂದರವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾರೆ. ನರ್ಸಬಾಯಿ ಬಹಳ ಹೊತ್ತು ಅಗಿಯುತ್ತಾರೆ. ಮತ್ತೊಂದು ತುಂಡು ತಾವೇ ಎತ್ತಿಕೊಳ್ಳುತ್ತಾರೆ. ಆಮೇಲೆ ಬಾಗಿಲ ಕಡೆ ತಿರುಗಿ, ನೀನು ಮಾಡಿದ್ದಾ ಎಂದು ಕೇಳುತ್ತಾರೆ. ಸುಂದರವ್ವ ಹೂಂ ಎಂದು ತಲೆಯಾಡಿಸುತ್ತಾರೆ.

"ಅಡ್ಡಿಯಿಲ್ಲ," ಎನ್ನುತ್ತಾರೆ ನರ್ಸಬಾಯಿ. "ಆದ್ರ ನಮ್ಮ ಸುಂದ್ರಿ ಇದಕ್ಕಿಂತ ಚೊಲೊ ಮಾಡತಾಳ. ಆಕಿ ಕಡೆ ಹೋಗಿ ಕಲಿ."

ರಾಣಿ ಮುಖ ಸಣ್ಣದು ಮಾಡಿಕೊಂಡು, ಇವರೇ ಸುಂದರವ್ವ ಎಂದು ಹೇಳಲು ಹೊರಟರೆ, ಸುಂದರವ್ವ ಕೈಸನ್ನೆಯಿಂದ ತಡೆಯುತ್ತಾರೆ. "ಹೂಂನ್ರಿ ಬಾಯಾರ, ಕಲೀತೇನ್ರಿ," ಎಂದು ಒಳಗೆ ಸರಿಯುತ್ತಾರೆ.

ಹಿತ್ತಿಲಲ್ಲಿ ಬೋಗುಣಿ ತಿಕ್ಕುತ್ತ ಕುಳಿತವರ ಕಣ್ಣಲ್ಲಿ ನೀರಿದೆ, ಮುಖದಲ್ಲಿ ನಗುವೂ ಇದೆ. ದುಃಖವೋ ಸಂತೋಷವೋ ಅವರಿಗೇ ತಿಳಿದಂತಿಲ್ಲ. ಬೇಸರವಾಯಿತೇ ಎಂದರೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ.

"ಬ್ಯಾಸರ ಯಾಕ್ರಿ? ನನಗಿಂತ ಚೊಲೊ ಮಾಡಾಕಿ ಒಬ್ಬಾಕಿ ಅದಾಳಂತ. ಬಾಯಾರು ಇನ್ನೊಂದ ವರ್ಷ ಇರ್ಲಿ. ಆಕಿಗೆ ಸಮಾ ಮಾಡಿ ತೋರಸ್ತೇನಿ."