ಬಾವುಟವಿಲ್ಲದ ಪದಕ

ಸಿರುಮುಗೈಯ ರೇಷ್ಮೆ ನೇಕಾರ ಕುಮರೇಶನ್ ಅವರ ಮಗಳು ಧರಣಿ ಕಬಡ್ಡಿಗೆ ಇಳಿದರೆ ಅವಳನ್ನು ಹಿಡಿಯಲು ಎದುರಾಳಿಗಳು ಹೆದರುತ್ತಿದ್ದರು. ಚಿಕ್ಕಪ್ಪನ ಮಗಳು ನಿತ್ಯಾಗೆ ಆಟ ಕಲಿಸಿದವಳೂ ಅವಳೇ. ಭವಾನಿ ಹೊಳೆಯ ದಡದ ಮರಳಲ್ಲಿ ಬೀಳಿಸಿ ಬೀಳಿಸಿ ಕಲಿಸಿದ್ದಳು.

ಧರಣಿ ಭಾರತದ ಜೂನಿಯರ್ ತಂಡಕ್ಕೆ ಆಯ್ಕೆಯಾದಾಗ ಬೀದಿಯವರೆಲ್ಲ ಮನೆಗೆ ಬಂದು ಹೋದರು. ಪಂದ್ಯಾವಳಿ ಇದ್ದದ್ದು ನೆರೆಯ ದೇಶದಲ್ಲಿ. ಶಿಬಿರದಲ್ಲಿ ಜೆರ್ಸಿ ಹಂಚಿದ್ದೂ ಆಗಿತ್ತು. ಅಷ್ಟರಲ್ಲಿ ಗಡಿಯಲ್ಲಿ ಗುಂಡಿನ ಚಕಮಕಿ ಶುರುವಾಗಿ, ತಂಡ ಕಳಿಸಲು ಸರ್ಕಾರ ಒಪ್ಪಲಿಲ್ಲ. ಹುಡುಗಿಯರು ಜೆರ್ಸಿ ಮಡಿಸಿ ಹಿಂದಿರುಗಿಸಿ ರೈಲು ಹತ್ತಿದರು. ಮರುವರ್ಷ ಧರಣಿಗೆ ಜೂನಿಯರ್ ವಯಸ್ಸು ಮೀರಿತ್ತು. ಅವಳ ಜಾಗಕ್ಕೆ ಆಯ್ಕೆಯಾದವಳು ನಿತ್ಯಾ.

"ಎಲ್ಲಾ ನೀ ಕಲಿಸಿದ್ದೇ ಅಕ್ಕಾ," ಎಂದು ನಿತ್ಯಾ ಅಪ್ಪಿಕೊಂಡಳು. ಧರಣಿ ನಕ್ಕಳು. ಆದರೆ ಆ ಮಧ್ಯಾಹ್ನ ಮಗ್ಗದಲ್ಲಿ ಅವಳ ಕೈಗೆ ಸಿಕ್ಕ ಎಳೆಯೆಲ್ಲ ಹರಿಯಿತು.

ಈ ಸಲ ತಂಟೆ ಗಡಿಯದಲ್ಲ. ದೇಶದ ಕಬಡ್ಡಿ ಒಕ್ಕೂಟ ಎರಡು ಬಣವಾಗಿ, ನಾವೇ ಅಸಲಿ ಎಂದು ಎರಡೂ ಕೋರ್ಟಿಗೆ ಹೋಗಿದ್ದವು. ಬೇಸತ್ತ ಅಂತರರಾಷ್ಟ್ರೀಯ ಸಂಸ್ಥೆ ಒಕ್ಕೂಟವನ್ನೇ ಅಮಾನತು ಮಾಡಿತು. ಸುದ್ದಿ ಕೇಳಿ ಧರಣಿಗೆ ಒಳಗೊಳಗೇ ತಂಪೆನಿಸಿತು. ಹಾಗಾದರೆ ನಿತ್ಯಾಳೂ ಹೋಗುವುದಿಲ್ಲ! ಆದರೆ ದೇಶದ ಹೆಸರು, ಬಾವುಟ ಬಿಟ್ಟು ಆಟಗಾರ್ತಿಯರು ಬರಬಹುದು ಎಂದು ಸಂಸ್ಥೆ ಕೊನೆಗೆ ಹೇಳಿತು. ನಿತ್ಯಾ ಹೊರಟೇಬಿಟ್ಟಳು.

ಮನೆಯವರೆಲ್ಲ ಮೊಬೈಲಿನಲ್ಲಿ ಪಂದ್ಯ ನೋಡಿದರು. ನಿತ್ಯಾ ಸಿಕ್ಕಿಬಿದ್ದಾಗ ಎಲ್ಲರೂ "ಅಯ್ಯೋ" ಎಂದರು. ಧರಣಿಗೆ ನಗು ಬಂತು, ತುಟಿ ಕಚ್ಚಿ ತಡೆದಳು. ತಂಡ ಕಂಚು ಗೆದ್ದಿತು.

ಊರಿಗೆ ಬಂದ ನಿತ್ಯಾ ಪದಕವನ್ನು ಅಕ್ಕನ ಕೈಗಿಟ್ಟು ಅತ್ತಳು. "ಬಾವುಟ ಇಲ್ಲಕ್ಕಾ. ಬರೀ ಬಿಳಿ ಜೆರ್ಸಿ. ಭಾರತ ಅಂತ ಒಬ್ಬರೂ ಕೂಗಲಿಲ್ಲ."

"ಆದರೂ ನೀ ಆಡಿದೆ," ಎಂದು ಧರಣಿ ಪದಕ ಹಿಂದಕ್ಕೆ ಕೊಟ್ಟಳು. "ನನ್ನ ಜೆರ್ಸೀಲಿ ಭಾರತ ಅಂತ ಹೆಸರಿತ್ತು. ಹಾಕ್ಕೊಂಡು ಕನ್ನಡಿ ನೋಡಿದ್ದಷ್ಟೇ ಬಂತು."

ನಿತ್ಯಾಳ ಸನ್ಮಾನಕ್ಕೆಂದು ಊರಿನ ಸಂಘದವರು ಒಂದು ಪಂದ್ಯ ಇಟ್ಟರು. ಧರಣಿ ಬೇಕೆಂದೇ ಎದುರು ತಂಡ ಸೇರಿದಳು. ಮೊದಲ ರೈಡಿಗೇ ತಂಗಿಯ ಕಣಕಾಲು ಹಿಡಿದು ಕೆಡವಿದಳು. ಸೀಟಿ ಊದಿದರೂ ಬಿಡಲಿಲ್ಲ.

"ಬಿಡಕ್ಕಾ, ನೋಯ್ತದೆ!"

ಕುಮರೇಶನ್ ಅಂಗಳದೊಳಗೇ ಬಂದರು. "ಗೆದ್ದೆಯಲ್ಲ ಧರಣಿ, ಇನ್ನು ಬಿಡಮ್ಮಾ," ಎಂದರು ಮೆಲ್ಲಗೆ. ಅಷ್ಟು ಜನರ ಮುಂದೆ ಅವಳ ಮುಖ ಉರಿಯಿತು. ಕೈ ಬಿಟ್ಟಳು, ಕ್ಷಮೆ ಮಾತ್ರ ಕೇಳಲಿಲ್ಲ.

ಮುಂದಿನ ವಾರ ಪೀಳಮೇಡಿನಲ್ಲಿ ನಡೆದ ರಾಜ್ಯ ಸೀನಿಯರ್ ತಂಡದ ಆಯ್ಕೆಗೆ ಅವಳು ಹೋಗಿ ನಿಂತಳು. ಅಲ್ಲಿ ವಯಸ್ಸಿನ ಮಿತಿ ಇರಲಿಲ್ಲ. ಈಗ ಅಕ್ಕತಂಗಿ ಇಬ್ಬರೂ ರಾಜ್ಯ ತಂಡದಲ್ಲಿದ್ದಾರೆ, ಶಿಬಿರದಲ್ಲಿ ಒಂದೇ ಕೋಣೆ. ಒಕ್ಕೂಟದ ಮೊಕದ್ದಮೆ ಇನ್ನೂ ನಡೆದೇ ಇದೆ. ನಿತ್ಯಾ ವಿದೇಶದ ಆ ಪಂದ್ಯಾವಳಿಯ ಮಾತು ತೆಗೆದರೆ ಸಾಕು, ಧರಣಿ ಬಕೆಟ್ ಎತ್ತಿಕೊಂಡು ಬಟ್ಟೆ ಒಗೆಯಲು ಹೋಗುತ್ತಾಳೆ.