ಅತ್ತಿಗೆ ಕುಡಿಸಿದ ವಿಟಮಿನ್ ಡಿ

ಮೂಗಿನ ಪಕ್ಕದಲ್ಲಿ ಕೆಂಪು ಗುಳ್ಳೆಗಳು ಎದ್ದಾಗ ಅವು ನನ್ನವು ಎಂದುಕೊಂಡಿದ್ದೆ. ವಾರದೊಳಗೆ ಇಡೀ ಡೊಂಬಿವಲಿಯ ಸ್ವತ್ತಾದವು. ಎಂಐಡಿಸಿ ಕಾರ್ಖಾನೆಗಳ ಮಗ್ಗುಲಲ್ಲಿರುವ ನಮ್ಮ ಹೌಸಿಂಗ್ ಸೊಸೈಟಿಯವರು ಕೆಮಿಕಲ್ ಗಾಳಿ ಎಂದರು. ಫ್ಯಾಮಿಲಿ ಡಾಕ್ಟರು ಗಜಕರ್ಣ ಎಂದು ಮೂರು ತಿಂಗಳು ಮುಲಾಮು ಹಚ್ಚಿಸಿದರು. ದಿವಾದಲ್ಲಿರುವ ಗಂಡನ ಅಕ್ಕ, ಎಂದರೆ ನನ್ನ ಅತ್ತಿಗೆ, ನಾಗದೋಷ ಎಂದು ಊರಿಗೆ ಫೋನ್ ಮಾಡಿ ನಾಗನ ಕಲ್ಲಿಗೆ ತಂಬಿಲದ ಪೂಜೆ ಮಾಡಿಸಿದರು. ನಾಗನಿಗೆ ಹಾಲು ಸಂದಿತು, ಗುಳ್ಳೆಗಳು ಕೆನ್ನೆಗೆ ಹಬ್ಬಿದವು.

ಕೊನೆಗೆ ಠಾಣೆ ಶಹರದ ಚರ್ಮದ ಡಾಕ್ಟರು ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿ, ಸಾರ್ಕಾಯ್ಡೋಸಿಸ್, ಮೈಯಲ್ಲಿ ಅಲ್ಲಲ್ಲಿ ಸಣ್ಣ ಗಂಟು ಕಟ್ಟುವ ಕಾಯಿಲೆ ಎಂದರು. ಕಣ್ಣು, ಶ್ವಾಸಕೋಶ ಸರಿಯಿದ್ದವು. ರಕ್ತದಲ್ಲಿ ಮಾತ್ರ ಥೈರಾಯ್ಡ್ ಮಂದ, ಸಕ್ಕರೆ ಗಡಿಯಲ್ಲಿ. "ಈ ಕಾಯಿಲೆಯವರಿಗೆ ಇಂಥವು ಜೊತೆಗೆ ಬರುವುದುಂಟು. ಹಾರ್ಮೋನ್ ಡಾಕ್ಟರನ್ನು ಕಾಣಿ. ಅಲ್ಲಿಯವರೆಗೆ ನೀವಾಗಿ ಏನೂ ತಗೋಬೇಡಿ" ಎಂದು ಚೀಟಿಯಲ್ಲೂ ಬರೆದುಕೊಟ್ಟರು. ಹಾರ್ಮೋನ್ ಡಾಕ್ಟರು ಸಿಗಲು ಒಂದು ತಿಂಗಳಿತ್ತು.

ಆ ತಿಂಗಳು ಅತ್ತಿಗೆಯದಾಯಿತು, ದಿವಾದಿಂದ ಬಂದು ನಮ್ಮಲ್ಲೇ ಉಳಿದರು. ರಿಪೋರ್ಟಿನಲ್ಲಿ ವಿಟಮಿನ್ ಡಿ ಕಡಿಮೆ ಎಂದು ದಪ್ಪಕ್ಷರದಲ್ಲಿತ್ತು. "ನೋಡು, ಇದೇ. ಡಿ ಇಲ್ಲದೆ ಚರ್ಮ ಹೀಗಾದದ್ದು. ನಂಗೆ ಮೊದ್ಲೇ ಗೊತ್ತಿತ್ತು" ಎಂದರು. ನಾಗದೋಷದ ಮಾತು ಎತ್ತಲಿಲ್ಲ. ವಾರಕ್ಕೊಂದು ಕುಡಿಯಬೇಕಾದ ಡಿ ಪುಡಿಯ ಪ್ಯಾಕೆಟನ್ನು ದಿನಕ್ಕೊಂದರಂತೆ ಹಾಲಿಗೆ ಹಾಕಿ ಕುಡಿಸಿದರು. ಬೆಳಿಗ್ಗೆ ಟೆರೇಸಿನ ಬಿಸಿಲಿನಲ್ಲಿ ಕೂರಿಸಿದರು. ನಾನೂ ಎದುರಾಡಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಗಿತ್ತು. ಸಾರ್ಕಾಯ್ಡೋಸಿಸ್ ಎಂದರೆ ಎದುರಿಗಿದ್ದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಡಿ ಕಡಿಮೆ ಎಂದರೆ, "ನನಗೂ" ಎಂದು ಪಕ್ಕಕ್ಕೆ ಬಂದು ಕೂರುತ್ತಿದ್ದರು.

ಮೂರನೆಯ ವಾರ ಬಾಯಾರಿಕೆ ಶುರುವಾಯಿತು. ಮಲಬದ್ಧತೆ, ವಾಂತಿ, ತಲೆಯೊಳಗೆ ಮಂಜು. "ಒಳಗಿನ ಕೆಟ್ಟದ್ದು ಹೊರಗೆ ಹೋಗ್ತಾ ಉಂಟು" ಎಂದರು ಅತ್ತಿಗೆ. ಒಂದು ದಿನ ವಾಶಿಯ ಆಫೀಸಿಗೆ ಹೊರಟವಳು ಠಾಣೆಯಲ್ಲಿ ವಾಶಿ ಗಾಡಿಯ ಬದಲು ಪನ್ವೇಲ್ ಗಾಡಿ ಹತ್ತಿ ನೆರೂಲ್‌ನಲ್ಲಿ ಇಳಿದೆ. ಯಾಕೆ ಬಂದೆನೆಂದು ತಿಳಿಯದೆ ಬೆಂಚಿನ ಮೇಲೆ ಕೂತು ಗಂಡನಿಗೆ ಫೋನ್ ಮಾಡಿದೆ.

"ನೆರೂಲಿಗೆ ಎಂಥ ಮಾಡ್ಲಿಕ್ಕೆ ಹೋದದ್ದು ಮಾರಾಯ್ತಿ?"

"ಅದನ್ನೇ ಕೇಳ್ಲಿಕ್ಕೆ ಫೋನ್ ಮಾಡಿದ್ದು."

ಅವರು ಎಂಐಡಿಸಿಯಲ್ಲಿ ನಡೆಸುವ ಕ್ಯಾಂಟೀನನ್ನು ಹಾಗೇ ಬಿಟ್ಟು ಓಡಿಬಂದರು. ಅವರಿಗೆ ಭಯವಾದದ್ದನ್ನು ನಾನು ಮೊದಲ ಸಲ ಕಂಡದ್ದು ಅಂದು.

ಆಸ್ಪತ್ರೆಯಲ್ಲಿ ಕ್ಯಾಲ್ಸಿಯಂ ಮಿತಿಮೀರಿದೆ ಎಂದು ಗೊತ್ತಾಯಿತು. ಅಲ್ಲಿನ ಹಾರ್ಮೋನ್ ಡಾಕ್ಟರು ಹಿಂದಿಯಲ್ಲಿ ತಾಳ್ಮೆಯಿಂದ ಬಿಡಿಸಿ ಹೇಳಿದರು. ಈ ಕಾಯಿಲೆಯ ಗಂಟುಗಳು ತಾವೇ ವಿಟಮಿನ್ ಡಿಯನ್ನು ಚುರುಕುಗೊಳಿಸುತ್ತವೆ. ರಿಪೋರ್ಟಿನಲ್ಲಿ ಕಡಿಮೆ ಕಂಡರೂ ಕೆಲಸ ಮಾಡುವ ಡಿ ಮೈಯಲ್ಲಿ ಹೆಚ್ಚೇ ಇರಬಹುದು. ಮೇಲಿಂದ ಸುರಿದರೆ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೇ ಪೆಟ್ಟು.

"ಮನೆಯಲ್ಲಿ ಇನ್ನೆಷ್ಟು ಪ್ಯಾಕೆಟ್ ಇವೆ?" ಎಂದು ಕೇಳಿದರು.

"ಆರು ಉಂಟು" ಎಂದು ಅತ್ತಿಗೆ ಮುಂದೆ ಬಂದರು, ಇನ್ನೂ ಸಾಲದೇನೋ ಎಂಬಂತೆ.

"ಎಸೆದುಬಿಡಿ. ಬೇರೆ ಯಾರಿಗೂ ಕೊಡಬೇಡಿ."

ಅತ್ತಿಗೆ ಹೊರಗೆ ಹೋದರು. ನರ್ಸ್ ಹೇಳಿದಳು, ಲಿಫ್ಟಿನ ಹತ್ತಿರ ನಿಂತು ಅಳುತ್ತಿದ್ದರಂತೆ. ಏನೂ ತಗೋಬೇಡಿ ಎಂಬ ಚೀಟಿಯನ್ನು ಓದಿದ್ದವಳು ನಾನೇ ಆದ್ದರಿಂದ ಬೈಯುವ ಬಾಯಿ ನನಗಿರಲಿಲ್ಲ.

ಡ್ರಿಪ್, ಸ್ಟೀರಾಯ್ಡ್, ಆರು ದಿನದ ಹಾಸಿಗೆ. ಕ್ಯಾಲ್ಸಿಯಂ ಇಳಿಯಿತು, ಕೆನ್ನೆಯ ಗುಳ್ಳೆಗಳು ಒಣಗಿ ಕಂದು ಕಲೆಗಳಾದವು. ಗಡಿಯಲ್ಲಿ ಕಾಯುತ್ತಿದ್ದ ಸಕ್ಕರೆ, ಸ್ಟೀರಾಯ್ಡ್ ಬಂದದ್ದೇ ತಡ, ಒಳಗೆ ಬಂದು ಸಂಸಾರ ಹೂಡಿತು. ಈಗ ಬೆಳಿಗ್ಗೆ ಥೈರಾಯ್ಡಿಗೊಂದು ಮಾತ್ರೆ, ತಿಂಡಿಯ ಜೊತೆ ಸಕ್ಕರೆಗೊಂದು.

ಮೂರು ತಿಂಗಳಿಗೊಮ್ಮೆ ಡಾಕ್ಟರ ಬಳಿ ಹೋಗುವಾಗ ಅತ್ತಿಗೆ ದಿವಾದಿಂದ ಬಂದು ಫೈಲು ಹಿಡಿದು ಪಕ್ಕದಲ್ಲಿ ಕೂರುತ್ತಾರೆ. ಡಾಕ್ಟರು ನನ್ನನ್ನು ಕೇಳಿದ್ದಕ್ಕೆಲ್ಲ ಅವರೇ ಉತ್ತರ ಕೊಡುತ್ತಾರೆ. ಬಹುಪಾಲು ಸರಿಯಾಗಿಯೇ ಇರುತ್ತವೆ.